‘ಅಣ್ಣಾ’ ಅಂತ ಕರೆದದ್ದು ಕೇಳಿಸಿತ್ತು

(ಗುರುತು ಸಿಗಬಾರದೆಂದು ಊರು, ಮನೆ, ನೆಂಟಸ್ತಿಕೆಯ ಕೆಲವು ವಿವರ ಬದಲಿಸಿದ್ದೇನೆ. ಹುಡುಗನಿಗೆ ಈಗ ಹದಿನೆಂಟು ತುಂಬಿದೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಆಪ್ತ ಸಮಾಲೋಚನೆಗೆ ಅಂತ ಅವನನ್ನು ನನ್ನ ಹತ್ತಿರ ಕಳಿಸಿದ್ದು ಕಾಲೇಜಿನ ಪಿ.ಟಿ. ಮೇಷ್ಟ್ರು. ‘ಮೇಡಂ, ಹುಡುಗ ಹದಿನೈದು ದಿನದಿಂದ ಗ್ರೌಂಡಿಗೆ ಬಂದಿಲ್ಲ. ಜ್ವರ ಇಲ್ಲ, ಜಗಳ ಇಲ್ಲ. ಕೇಳಿದ್ರ ಸುಮ್ನ ನಿಲ್ತಾನ’ ಅಂತ ಫೋನ್ ಮಾಡಿದ್ದರು. ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಮೊದಲ ಪಿಯುಸಿ ಓದುತ್ತಿದ್ದ ಹುಡುಗ. ಹೈಸ್ಕೂಲಿನಿಂದ ಖೋ-ಖೋ ಆಡಿಕೊಂಡು ಬಂದವನು, ವಿಭಾಗ ಮಟ್ಟದವರೆಗೂ ಹೋಗಿದ್ದ. ಎನ್‌ಎಸ್‌ಎಸ್‌ನಲ್ಲೂ (ರಾಷ್ಟ್ರೀಯ ಸೇವಾ ಯೋಜನೆ) ಚುರುಕು. ರಕ್ತದಾನ ಶಿಬಿರವಿದ್ದರೆ ಕುರ್ಚಿ ಜೋಡಿಸೋನು ಇವನೇ.

ಫೆಬ್ರವರಿ ಅದು, ಪರೀಕ್ಷೆ ಹತ್ತಿರ. ನಾನು ಅಲ್ಲೇ ಎಡವಿದೆ. ಓದಿನ ಒತ್ತಡ ಅಂದುಕೊಂಡು ಮೊದಲ ದಿನ ಟೈಮ್‌ಟೇಬಲ್ ಬರೆದುಕೊಟ್ಟೆ. ಅವನು ಮಡಚಿ ಜೇಬಿನಲ್ಲಿಟ್ಟುಕೊಂಡು ‘ಆಯ್ತ್ರಿ ಮೇಡಂ’ ಅಂದು ಹೋದ. ಮುಂದಿನ ವಾರ ಬಂದಾಗ ಚೀಟಿ ಅದೇ ಜೇಬಿನಲ್ಲಿ, ಅದೇ ಮಡಿಕೆಯಲ್ಲಿತ್ತು.

ಆ ದಿನ ಅವನ ಮೊಣಕೈ ಕಣ್ಣಿಗೆ ಬಿತ್ತು. ಕಂಬದ ಹತ್ತಿರ ಡೈವ್ ಹೊಡೆಯುವ ಹುಡುಗರ ಮೊಣಕೈಯಲ್ಲಿ ಯಾವಾಗಲೂ ಒಂದು ಹಸಿ ತರಚು ಇರುತ್ತದೆ. ಇವನದು ಪೂರ್ತಿ ಮಾಗಿ, ಸಿಪ್ಪೆಯೂ ಉದುರಿ, ನುಣ್ಣಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ‘ಗಾಯ ಮಾಗಿ ಎಷ್ಟು ದಿನ ಆಯ್ತು?’ ಅಂದೆ. ‘ಕ್ಯಾಂಪಿಂದ ಬಂದ ಮ್ಯಾಲ ಆಡಿಲ್ರಿ’ ಅಂದ. ಕ್ಯಾಂಪ್ ಅನ್ನೋ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಎನ್‌ಎಸ್‌ಎಸ್ 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾದ ಯೋಜನೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಇವರ ಶಿಬಿರ ಜನವರಿಯಲ್ಲಿ ನಡೆದಿತ್ತು. ಬೆಳಿಗ್ಗೆ ಚರಂಡಿ ತೆಗೆಯುವುದು, ಇಂಗುಗುಂಡಿ ತೋಡುವುದು, ಸಂಜೆ ಶಾಲೆಯ ಅಂಗಳದಲ್ಲಿ ನಾಟಕ. ಆ ಊರು ಇವನ ಚಿಗವ್ವನ ಊರು. ತಾನು ಹುಟ್ಟಿದ ಊರಿನಿಂದ ಎರಡು ಹರದಾರಿ ದೂರ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೂರನೇ ಭೇಟಿಯಲ್ಲಿ ಬಾಯಿ ಬಿಟ್ಟ. ಕೊನೇ ದಿನ ಮಕ್ಕಳಿಗೆ ನೋಟ್‌ಬುಕ್ ಹಂಚುವ ಕಾರ್ಯಕ್ರಮ. ತೊಗರಿ ರಾಶಿ ನಡೆದಿತ್ತು, ಚಿಗವ್ವ ಕೂಲಿಗೆ ಹೋಗಿದ್ದಳು. ಊರಲ್ಲಿ ಮಕ್ಕಳು, ಮುದುಕರೇ ಜಾಸ್ತಿ. ಸಾಲಿನಲ್ಲಿ ಚಿಗವ್ವನ ಮಗಳು, ಐದನೇ ಕ್ಲಾಸಿನವಳು, ಇವನನ್ನು ಕಂಡು ‘ಅಣ್ಣಾ!’ ಅಂತ ಕೂಗಿದಳು. ಪಕ್ಕದಲ್ಲಿದ್ದ ಗೆಳೆಯ ‘ಯಾರಲೇ ಅಕಿ?’ ಅಂದ. ‘ಗೊತ್ತಿಲ್ಲ, ಬ್ಯಾರೆ ಯಾರ್ನೋ ಕರ್ದಿರಬೇಕು’ ಅಂದುಬಿಟ್ಟ. ಅವಳ ಸರದಿ ಬಂತು. ನೋಟ್‌ಬುಕ್ ಕೊಟ್ಟ. ಫೋಟೊ ತೆಗೆಯುವವರು ‘ಇನ್ನೊಮ್ಮೆ ಹಿಡ್ಕೋರಿ, ಇಬ್ರೂ ಈ ಕಡೆ ನೋಡ್ರಿ’ ಅಂದರು. ಇನ್ನೊಮ್ಮೆ ಕೊಟ್ಟ. ಆ ಫೋಟೊ ಕಾಲೇಜಿನ ಎಲ್ಲಾ ಗ್ರೂಪಿಗೂ ಹೋಯಿತು.

‘ಎನ್‌ಎಸ್‌ಎಸ್‌ನ್ಯಾಗ ನಾಟ್ ಮಿ ಬಟ್ ಯೂ, ನಾನಲ್ಲ ನೀನು ಅಂತ ದಿನಾ ಘೋಷಣಾ ಕೂಗ್ತೀವ್ರಿ’ ಅಂದ. ‘ಆ ಯೂ ಅನ್ನೋದು ನಾನೇ ಅಲ್ರಿ ಮೇಡಂ?’

ನಾನು ತಕ್ಷಣ ಏನೂ ಹೇಳಲಿಲ್ಲ. ಹೇಳುವಂಥದ್ದು ಇರಲಿಲ್ಲ ಕೂಡ. ಐದು ವರ್ಷದ ಹಿಂದೆ ಅದೇ ತರದ ಸಾಲಿನಲ್ಲಿ ನಿಂತು ಇವನೂ ಬ್ಯಾಗು ತೆಗೆದುಕೊಂಡಿದ್ದ. ಆ ಫೋಟೊ ಎಲ್ಲೋ ಇರಬೇಕು ಅಂದ.

ನಿದ್ದೆ ಹೇಗಿದೆ, ಊಟ ಹೇಗಿದೆ ಅಂತ ಕೇಳಿದೆ. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದರೆ ಮಕ್ಕಳು ಹಗುರಾಗುವುದೇ ಜಾಸ್ತಿ. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಮೊಬೈಲಿನಲ್ಲಿ ಹಾಕಿಸಿದೆ. ರಾತ್ರಿ ಎರಡು ಗಂಟೆಗೆ ನಾನು ಫೋನ್ ಎತ್ತದೆ ಇರಬಹುದು, ಅವರು ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಅವನಿಗೆ ನಾನು ಕೊಟ್ಟ ಮೊದಲ ಸಲಹೆ ಗ್ರೌಂಡಿನದು. ಎಲ್ಲಾ ಒಟ್ಟಿಗೆ ಸರಿಮಾಡಲು ಹೋಗಬೇಡ, ವಾರಕ್ಕೆ ಮೂರು ದಿನ ಬೆಳಿಗ್ಗೆ ಹೋಗಿ ಬರೀ ಓಡು, ಆಡಲೇಬೇಕು ಅಂತಿಲ್ಲ ಅಂದೆ. ರಾತ್ರಿ ನಿದ್ದೆ ಬರಬೇಕಾದರೆ ಮೈ ದಣಿಯಬೇಕು. ಮೇಷ್ಟ್ರಿಗೂ ‘ಬಂದರೆ ಯಾಕೆ ಬಂದಿರಲಿಲ್ಲ ಅಂತ ಕೇಳಬೇಡಿ’ ಅಂದೆ. ಕಾರಣ ಏನು ಅಂತ ಅವರು ಎರಡು ಸಲ ಕೇಳಿದರು. ಹೇಳಲಿಲ್ಲ. ಸ್ವಲ್ಪ ಬೇಜಾರಾದರು, ಆಗಲಿ.

ಎರಡನೆಯದಕ್ಕೆ ಅವನೇ ದಾರಿ ಹುಡುಕಿದ್ದ, ಆದರೆ ತಪ್ಪು ದಾರಿ. ಸ್ಕಾಲರ್‌ಶಿಪ್ ಹಣದಲ್ಲಿ ತಂಗಿಗೆ ಹೊಸ ಫ್ರಾಕು, ಶೂ ಒಯ್ದು ಕೊಡ್ತೀನಿ ಅಂದ. ಬೇಡ ಅಂದೆ. ಮತ್ತೆ ಕೊಡುವವನಾಗೇ ಹೋಗುತ್ತೀಯಲ್ಲ? ಯುಗಾದಿಗೆ ಬರಿಗೈಲಿ ಹೋಗು, ಚಿಗವ್ವನ ಕೈಯ ರೊಟ್ಟಿ ತಿನ್ನು, ಒಂದು ರಾತ್ರಿ ಅಲ್ಲೇ ಇರು. ಹುಡುಗಿಯ ಹತ್ತಿರ ಒಂದೇ ಮಾತು ಹೇಳು: ‘ಅವತ್ತು ನೀ ಕರ್ದದ್ದು ಕೇಳ್ಸಿತ್ತು, ನಾ ಹೂಂ ಅನ್ಲಿಲ್ಲ. ತಪ್ಪಾಯ್ತು.’ ಆಮೇಲೆ ಸುಮ್ಮನಿರು. ಅಳಬೇಡ, ಕಾರಣ ಹೇಳಬೇಡ, ‘ಸಿಟ್ಟಿಲ್ಲ ಅಲ್ವಾ?’ ಅಂತ ಕೇಳಬೇಡ. ಹತ್ತು ವರ್ಷದ ಮಗುವಿನ ಮೇಲೆ ನಿನ್ನನ್ನು ಸಮಾಧಾನ ಮಾಡುವ ಕೆಲಸ ಹೊರಿಸಬಾರದು.

ಇದನ್ನು ಅವನು ಇಲ್ಲೇ, ನನ್ನ ಎದುರಿನ ಖಾಲಿ ಕುರ್ಚಿಗೆ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದ. ಮೊದಲ ಮೂರು ಸಲವೂ ‘ಯಾಕಂದ್ರ...’ ಅಂತ ಬಾಲ ಬಂತು.

ಫೋಟೊದ ವಿಷಯ ನಾನೇ ಕೈಗೆತ್ತಿಕೊಂಡೆ, ಅವನ ಒಪ್ಪಿಗೆ ಪಡೆದು, ಹೆಸರು ಹೇಳದೆ. ಶಿಬಿರ ನಡೆಸಿದವರು ‘ಫೋಟೊ ಇಲ್ಲಂದ್ರ ವರದಿ ಹ್ಯಾಂಗ ಕಳಿಸೋದ್ರಿ?’ ಅಂದರು. ಅವರ ಕಷ್ಟವೂ ಸುಳ್ಳಲ್ಲ. ತೋಡಿದ ಇಂಗುಗುಂಡಿ ತೆಗೆಯಿರಿ, ಹಿಂದಿನಿಂದ ತೆಗೆಯಿರಿ, ಮಕ್ಕಳ ಮುಖ ಬೇಕೇ ಬೇಕಾದರೆ ಮನೆಯವರನ್ನು ಮೊದಲು ಕೇಳಿ, ನೋಟ್‌ಬುಕ್‌ಗಳನ್ನು ಶಾಲೆಯ ಕೈಗೆ ಒಪ್ಪಿಸಿದರೂ ನಡೆಯುತ್ತದೆ ಅಂದೆ. ಆ ಒಂದು ಫೋಟೊ ಅವರ ಪುಟದಿಂದ ತೆಗೆದರು. ಗ್ರೂಪುಗಳಲ್ಲಿ ಹೋದದ್ದು ಹೋಯಿತು.

ಸೇವೆ ಕೆಟ್ಟದ್ದು ಅಂತ ಅವನಿಗೆ ಅನ್ನಿಸದಂತೆ ನೋಡಿಕೊಳ್ಳುವುದು ನನಗೆ ಕಷ್ಟವಾಯಿತು, ಯಾಕಂದರೆ ಅವನ ಪ್ರಶ್ನೆ ಸರಿಯಾಗೇ ಇತ್ತು. ಆ ಚರಂಡಿಯ ನೀರು ಈಗ ಹರಿಯುತ್ತಿದೆಯಾ ಅಂತ ಮಾತ್ರ ಕೇಳಿದೆ. ‘ಹೌದ್ರಿ, ಚಿಗವ್ವನ ಮನಿ ಮುಂದಿಂದೇ ಅದು’ ಅಂದ.

ಜೂನ್‌ನಲ್ಲಿ ಕಾಲೇಜು ತೆರೆದ ಮೇಲೆ ಕೊನೆಯ ಸಲ ಬಂದ. ಊರಿಗೆ ಹೋಗಿದ್ದ. ಹೇಳಿದ್ದ. ತಂಗಿ ಏನೂ ಅನ್ನದೆ ಒಳಗೆ ಹೋಗಿ, ಪೇಪರಿನ ರಟ್ಟು ಹಾಕಿದ ಅದೇ ನೋಟ್‌ಬುಕ್ ತಂದು ಭಾಗಾಕಾರದ ಲೆಕ್ಕ ಬಿಡಿಸಿಕೊಡು ಅಂದಳಂತೆ. ಏಳು ಪುಟ ಬಿಡಿಸಿದರಂತೆ. ರಾತ್ರಿ ಮಲಗುವಾಗ ಮಾತ್ರ ‘ಯಾಕ ಹೂಂ ಅನ್ಲಿಲ್ಲ?’ ಅಂತ ಕೇಳಿದಳು. ‘ನಾಚ್ಕಿ ಆಯ್ತು’ ಅಂದ. ‘ನನ್ನ ನೋಡೀ?’ ಅಂದಳು. ಇವನಿಗೆ ಉತ್ತರ ಬರಲಿಲ್ಲ. ಅದೊಂದು ಇನ್ನೂ ಒಳಗೆ ಕೂತಿದೆ ಅಂದ, ನಾನೂ ಎಬ್ಬಿಸಲಿಲ್ಲ.

ಎನ್‌ಎಸ್‌ಎಸ್‌ಗೆ ಅವನು ವಾಪಸ್ ಹೋಗಿಲ್ಲ. ಗಂಟೆಗಳು ಪೂರ್ತಿಯಾಗದೆ ಸರ್ಟಿಫಿಕೇಟ್ ಸಿಗಲಿಕ್ಕಿಲ್ಲ, ಅದು ಅವನಿಗೂ ಗೊತ್ತು. ನಾನು ಒತ್ತಾಯ ಮಾಡಲಿಲ್ಲ. ಎದ್ದು ಹೋಗುವಾಗ ಬಾಗಿಲು ತಳ್ಳಿದ ಕೈಯ ಮೊಣಕೈ ಕಂಡಿತು. ಹಸಿ ತರಚು, ಅದರ ಮೇಲೆ ಗ್ರೌಂಡಿನ ಕೆಂಪು ಮಣ್ಣು. ‘ತೊಳ್ಕೊಂಡು ಮಲಾಮು ಹಚ್ಚೋ’ ಅಂದೆ.