ಕಾರ್ಖಾನೆಯಲ್ಲಿ ಕಟ್ಟಿದ ಮನೆ ಕರಾವಳಿಯಲ್ಲಿ ಬಾಳುತ್ತದೆಯೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಾಜಾಳಿ ಬಳಿ ಎನ್‌.ಎ. (ಕೃಷಿಯೇತರ) ಆದ 5 ಗುಂಟೆ ಜಾಗವಿದೆ. ಸಮುದ್ರಕ್ಕೆ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ನಿವೃತ್ತಿಯ ನಂತರ ಇರಲು 700 ಚದರಡಿಯ ಮನೆ ಬೇಕು. ಒಬ್ಬರು ಪೂರ್ತಿ ತಯಾರಾದ ಕಂಟೇನರ್ ಮನೆಯನ್ನು ಲಾರಿಯಲ್ಲಿ ತಂದಿಳಿಸುತ್ತೇವೆ ಅನ್ನುತ್ತಾರೆ. ಇನ್ನೊಬ್ಬರದು ಪಾಯದ ಮೇಲೆ ಜೋಡಿಸುವ ಮಾಡ್ಯುಲರ್ ಸ್ಟೀಲ್ ಮನೆ. 20–25 ವರ್ಷದ ಲೆಕ್ಕದಲ್ಲಿ ಯಾವುದು ಬೆಲೆ ಉಳಿಸಿಕೊಳ್ಳುತ್ತದೆ?
— ಓದುಗರು, ಕಾರವಾರ

ಉತ್ತರ: ಮಾಡ್ಯುಲರ್ ಮನೆ. ಆದರೆ ಅದು ಕೂರುವ ಪಾಯ, ಅದಕ್ಕಿರುವ ಕಾಗದಪತ್ರ ಎರಡೂ ಸರಿಯಿದ್ದರೆ ಮಾತ್ರ. ನಾಳೆ ನೀವು ಮಾರಲು ಹೊರಟಾಗ ಕೊಳ್ಳುವವರು ನೋಡುವುದು ಜಾಗ, ಪಂಚಾಯ್ತಿಯ ಮನೆ ನಂಬರು, ಮಂಜೂರಾದ ನಕ್ಷೆ. ಬ್ಯಾಂಕಿನವರು ನೋಡುವುದೂ ಅದನ್ನೇ. ಮಂಜೂರಾದ ನಕ್ಷೆಯಂತೆ ಪಾಯಕ್ಕೆ ಬೋಲ್ಟ್ ಹಾಕಿ ಕಟ್ಟಿದ್ದು ಅವರ ಲೆಕ್ಕದಲ್ಲಿ ಕಟ್ಟಡ. ಎತ್ತಿಕೊಂಡು ಹೋಗಬಹುದಾದ ಕ್ಯಾಬಿನ್ ಹೆಚ್ಚಿನವರ ಕಣ್ಣಿಗೆ ಸಾಮಾನು. ಹಳೆಯದಾದಾಗ ಅದಕ್ಕೆ ಸಿಗುವುದು ಗುಜರಿ ಬೆಲೆ. ಮನೆಸಾಲವೂ ಅದಕ್ಕೆ ಸುಲಭಕ್ಕೆ ಹುಟ್ಟುವುದಿಲ್ಲ.

ಇನ್ನು ಕಂಟೇನರಿನ ಒಳಗಿನ ಮಾತು. 8 ಅಡಿ ಅಗಲ ಅನ್ನುವುದು ಹೊರಗಿನ ಅಳತೆ. ಒಳಗೆ ಉಷ್ಣನಿರೋಧಕ, ಬೋರ್ಡ್ ಎಲ್ಲ ಬಡಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ 7 ಅಡಿ. ಮಂಚ ಹಾಕಿದರೆ ಓಡಾಡಲು ಜಾಗ ಸಾಲದು. ಕೋಣೆ ದೊಡ್ಡದು ಮಾಡಲು ಎರಡು ಕಂಟೇನರ್ ಜೋಡಿಸಿ ನಡುವಿನ ಗೋಡೆ ಕತ್ತರಿಸುತ್ತಾರೆ. ಕಂಟೇನರಿನ ಭಾರ ಇಳಿಯುವುದು ನಾಲ್ಕು ಮೂಲೆಯ ಕಂಬಗಳ ಮೇಲೆ. ಆ ಕಂಬಗಳನ್ನು ಓಲಾಡದಂತೆ ಹಿಡಿದಿಡುವುದು ಅಲೆಅಲೆಯಾದ ಪಕ್ಕದ ತಗಡು. ಅದನ್ನು ಕತ್ತರಿಸಿದಲ್ಲಿ ಚೌಕ ಪೈಪಿನ ಚೌಕಟ್ಟು ವೆಲ್ಡ್ ಮಾಡದಿದ್ದರೆ ಚಾವಣಿ ಜಗ್ಗುತ್ತದೆ, ಜಗ್ಗಿದಲ್ಲಿ ನೀರು ನಿಲ್ಲುತ್ತದೆ. ವರ್ಷಕ್ಕೆ 3,000 ಮಿ.ಮೀ. ಸುರಿಯುವ ಊರಿನಲ್ಲಿ ಚಪ್ಪಟೆ ಚಾವಣಿಯ ಮೇಲೆ ಇನ್ನೊಂದು ಇಳಿಜಾರು ಮಾಡು ಹಾಕದೆ ಗತಿಯಿಲ್ಲ. ದರಪಟ್ಟಿಯಲ್ಲಿ ಇದು ಸೇರಿದೆಯೇ ಎಂದು ಮೊದಲೇ ಕೇಳಿ. ಬಹಳ ಸಲ ಸೇರಿರುವುದಿಲ್ಲ.

ಮಾಡ್ಯುಲರ್ ಮನೆಯ ಆಯುಷ್ಯ ನಿರ್ಧಾರವಾಗುವುದು ಅದರ ಸ್ಟೀಲಿನ ಮೇಲಿನ ಸತುವಿನ ಪದರದಲ್ಲಿ. ದರಪಟ್ಟಿಯಲ್ಲಿ ಬರೀ ‘ಜಿ.ಐ. ಫ್ರೇಮ್’ ಎಂದಿದ್ದರೆ ಒಪ್ಪಬೇಡಿ. ‘ಝಡ್ 275’ ಅಥವಾ ‘ಎ.ಝಡ್. 150’ ಎಂದು ಬರೆಸಿಕೊಳ್ಳಿ. ಮೊದಲನೆಯದು ಒಂದು ಚದರ ಮೀಟರ್ ತಗಡಿನ ಎರಡೂ ಬದಿ ಸೇರಿ 275 ಗ್ರಾಂ ಸತು, ಎರಡನೆಯದು 150 ಗ್ರಾಂ ಅಲ್ಯುಮಿನಿಯಂ–ಸತು ಮಿಶ್ರಣ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದು ಝಡ್ 120. ನೋಡಲು ಝಡ್ 275, ಝಡ್ 120 ಎರಡೂ ಒಂದೇ ಥರ ಹೊಳೆಯುತ್ತವೆ, ಆದ್ದರಿಂದ ಕಣ್ಣಂದಾಜು ನಡೆಯದು. ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರವನ್ನೇ ಕೇಳಿ. ವಿನ್ಯಾಸದ ನಕ್ಷೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್ ಎಂದು ಹಿಡಿದಿದ್ದಾರೆಯೇ ನೋಡಿ. ನಮ್ಮ ಪಡುವಣ ತೀರಕ್ಕೆ ಭಾರತೀಯ ಮಾನಕ ಐ.ಎಸ್. 875 ಸಂಹಿತೆ ಕೊಡುವ ಮೂಲವೇಗ ಅದು.

ತುಕ್ಕು ಶುರುವಾಗುವುದು ಮೂರು ಕಡೆ: ಕತ್ತರಿಸಿದ ಅಂಚು, ಸ್ಕ್ರೂ, ಗೋಡೆಯ ಅಡಿಪಟ್ಟಿ. ಜಾಗದಲ್ಲೇ ಗ್ರೈಂಡರ್ ಹಿಡಿದು ಕತ್ತರಿಸಿದರೆ ಕಿಡಿ ಹಾರಿ ಸುತ್ತಲಿನ ಸತುವೂ ಸುಡುತ್ತದೆ. ಅಳತೆಗೆ ಕತ್ತರಿಸಿಯೇ ತರಲಿ. ತೀರಾ ಅನಿವಾರ್ಯವಾದಲ್ಲಿ ಕತ್ತರಿಯಿಂದ ಕತ್ತರಿಸಿ ಸತುಭರಿತ ಬಣ್ಣ ಹಚ್ಚಲಿ. ಮಾಡಿನ ಸ್ಕ್ರೂ 4ನೇ ವರ್ಗದ (ಕ್ಲಾಸ್ 4) ಲೇಪನದ್ದಾಗಿರಲಿ, ಕೆಳಗೆ ರಬ್ಬರ್ ವಾಷರ್ ಇರಲಿ. ವಾಷರ್ ತುಸು ಉಬ್ಬುವಷ್ಟು ಬಿಗಿದರೆ ಸಾಕು, ಹಿಚುಕಿ ಹೊರಬರುವಷ್ಟು ಬಿಗಿದರೆ ಎರಡನೇ ಮಳೆಗಾಲಕ್ಕೆ ಒಡೆಯುತ್ತದೆ. ಎ.ಸಿ.ಯ ತಾಮ್ರದ ಕೊಳವೆಯ ನೀರು ತಗಡಿನ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ, ತಾಮ್ರ ತಾಗಿದ ನೀರು ಸತುವನ್ನು ಬೇಗ ತಿನ್ನುತ್ತದೆ.

ಅಡಿಪಟ್ಟಿಯ ವಿಷಯ ಇನ್ನೂ ಮುಖ್ಯ. ಪ್ಲಿಂತ್ ಚಿರೆಕಲ್ಲಿನದೇ ಇರಲಿ, ಮೇಲೆ ಕಾಂಕ್ರೀಟ್ ಬೀಮ್, ಅಂಗಳದಿಂದ ಕನಿಷ್ಠ 2 ಅಡಿ ಎತ್ತರ. ಮಳೆಹನಿ ನೆಲಕ್ಕೆ ಬಿದ್ದು ಕೆಸರು ಸಿಡಿಯುವುದು ಸುಮಾರು ಒಂದೂವರೆ ಅಡಿಯವರೆಗೆ. ಬೀಮ್ ಮತ್ತು ಸ್ಟೀಲ್ ಪಟ್ಟಿಯ ನಡುವೆ ತೇವ ತಡೆಯುವ ಹಾಳೆ ಹಾಸಲೇಬೇಕು. ಹಸಿ ಸಿಮೆಂಟಿನ ಕ್ಷಾರವೂ ಈ ಲೇಪನಕ್ಕೆ ಆಗದು. ಗೋಡೆಯ ತುದಿಗಳಲ್ಲಿ, ಬಾಗಿಲಿನ ಇಕ್ಕೆಲಗಳಲ್ಲಿ ಆಂಕರ್ ಬೋಲ್ಟ್ ಇದೆಯೇ ಎಂದು ಬೋರ್ಡ್ ಮುಚ್ಚುವ ಮೊದಲೇ ನೋಡಿ ಫೋಟೊ ತೆಗೆದಿಡಿ.

ಹೊರಗೋಡೆಗೆ ಫೈಬರ್ ಸಿಮೆಂಟ್ ಬೋರ್ಡ್, ಅದರ ಹಿಂದೆ ಗಾಳಿಯಾಡಲು ಬೆರಳಗಲದ ಸಂದು. ಜಿಪ್ಸಂ ಬೋರ್ಡ್ ಹೊರಗೂ ಬೇಡ, ಬಚ್ಚಲಿಗೂ ಬೇಡ. ನೈರುತ್ಯದ ಮಳೆ ಬಡಿಯುವ ಬದಿಗೆ ಮಾಡು 3 ಅಡಿಯಾದರೂ ಚಾಚಿರಲಿ. ಹಿಂದಿನವರು ಆ ಬದಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಸಾವಿರ ಲೀಟರ್ ಟ್ಯಾಂಕ್ ಎಂದರೆ ಒಂದು ಟನ್ ಭಾರ. ಅದನ್ನು ಮಾಡಿನ ಮೇಲೆ ಇಡದೆ ಬೇರೆ ಕಟ್ಟೆಯ ಮೇಲೆ ಇಡಿ. ಅಡುಗೆಮನೆಯ ಕಪಾಟು, ಎ.ಸಿ., ಗೀಸರ್ ಎಲ್ಲಿ ಬರುತ್ತವೆಂದು ಮೊದಲೇ ಗುರುತು ಮಾಡಿಕೊಟ್ಟರೆ ಅಲ್ಲಿ ಒಳಗೆ ಹೆಚ್ಚುವರಿ ಕಂಬ ಕೊಡುತ್ತಾರೆ. ಆಮೇಲೆ ಹೇಳಿದರೆ ಬೋರ್ಡ್ ಬಿಚ್ಚಬೇಕು.

ಅರ್ಧ ಕಿಲೋಮೀಟರ್ ಎಂಬ ಅಂದಾಜನ್ನು ಮಾತ್ರ ನಂಬಿ ಕೂರಬೇಡಿ. ಸಿ.ಆರ್‌.ಝಡ್. (ಕಟ್ಟಲು ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ) ಅಳತೆ ಉಬ್ಬರದ ಗೆರೆಯಿಂದ 500 ಮೀಟರ್. ಉಪ್ಪುನೀರು ಏರುವ ಹೊಳೆಯ ದಂಡೆಗೆ ಬೇರೆಯೇ ಅಳತೆ. ಸರ್ವೆ ನಂಬರು ಹಿಡಿದು ಕರಾವಳಿ ವಲಯದ ನಕ್ಷೆಯಲ್ಲಿ ನೋಡಿಸಿ. ‘ತಾತ್ಕಾಲಿಕ ಮನೆ, ಯಾರೂ ಕೇಳುವುದಿಲ್ಲ’ ಎಂದು ಮಾರುವವರು ಹೇಳಿದರೆ ಅದನ್ನು ಬರೆದುಕೊಡಲು ಹೇಳಿ.

ಪ್ರಶ್ನೆ: ನಮ್ಮದು ಶಿರಸಿ ಬಳಿಯ ಅಡಿಕೆ ತೋಟ. ತೋಟದ ಮೇಲಿನ ಬೆಟ್ಟದಲ್ಲಿ 40 ಅಡಿಯ ಕಂಟೇನರ್ ಮನೆ ಇಟ್ಟು ಹೋಮ್‌ಸ್ಟೇ ಮಾಡಬಹುದೇ? ಬೇಡವಾದರೆ ಮಾರಿದರಾಯಿತು ಎಂಬ ಯೋಚನೆ.
— ಓದುಗರು, ಶಿರಸಿ

ಉತ್ತರ: ಬೆಟ್ಟದಲ್ಲಿ ಆಗದು. ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು ತರುವಂಥ ಸೌಲಭ್ಯದ ಹಕ್ಕು, ಜಾಗ ಅರಣ್ಯದ್ದೇ. ಗಾಲಿಯ ಮೇಲೆ ನಿಂತ ಮನೆಯಾದರೂ ಅದು ಅತಿಕ್ರಮಣವೇ. ಮಾಲ್ಕಿ ಜಮೀನಿನಲ್ಲಿ ಇಡುವುದಾದರೂ ಬಾಡಿಗೆ ವ್ಯವಹಾರಕ್ಕೆ ಭೂಪರಿವರ್ತನೆ ಮಾಡಿಸಿಕೊಳ್ಳಿ. ರೈತ ತನ್ನ ವಾಸಕ್ಕೆ ತೋಟದ ಮನೆ ಕಟ್ಟಿಕೊಳ್ಳುವ ರಿಯಾಯಿತಿ ಹೋಮ್‌ಸ್ಟೇಗೆ ಒದಗುವುದಿಲ್ಲ.

ಸಾಗಾಟವೂ ಸಣ್ಣ ತಲೆನೋವಲ್ಲ. 40 ಅಡಿಯ ಟ್ರೇಲರ್ ದೇವಿಮನೆ ಘಟ್ಟದ ತಿರುವು ಹತ್ತಿ ಬಂದರೂ ತೋಟದ ಮಣ್ಣುರಸ್ತೆಯಲ್ಲಿ ತಿರುಗುವುದಿಲ್ಲ. 20 ಅಡಿಯ ಎರಡು ತುಂಡು ಮಾಡಿಸಿ, ಹೈಡ್ರಾ ಕ್ರೇನ್ ನಿಲ್ಲಲು ಗಟ್ಟಿ ನೆಲವಿದೆಯೇ, ತಲೆಯ ಮೇಲೆ ಹೆಸ್ಕಾಂ ತಂತಿ ಹಾದಿದೆಯೇ ನೋಡಿಕೊಂಡು, ಮಳೆಗಾಲ ಬಿಟ್ಟು ತರಿಸಿ. ಮಾರುವಾಗ ಇದೇ ಕ್ರೇನ್, ಇದೇ ಲಾರಿ ಬಾಡಿಗೆ ಮತ್ತೊಮ್ಮೆ ಬೀಳುತ್ತದೆ. ಅದನ್ನು ಕಳೆದರೆ ಕೈಗೆ ಬರುವುದು ಅಷ್ಟಕ್ಕಷ್ಟೆ.

ಪ್ರಶ್ನೆ: ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ‘ಮ್ಯಾನುಫ್ಯಾಕ್ಚರ್ಡ್’ ಮನೆ ಅಗ್ಗ, ‘ಮಾಡ್ಯುಲರ್’ ದುಬಾರಿ, ಎರಡೂ ಫ್ಯಾಕ್ಟರಿಯದೇ ಅನ್ನುತ್ತಾನೆ. ವ್ಯತ್ಯಾಸವೇನು?
— ಓದುಗರು, ಕುಮಟಾ

ಉತ್ತರ: ಅಲ್ಲಿ ಇವೆರಡೂ ಕಾನೂನಿನಲ್ಲೇ ಬೇರೆ ಬೇರೆ. ಮೊದಲನೆಯದು ಒಕ್ಕೂಟ ಸರ್ಕಾರದ ವಸತಿ ಇಲಾಖೆಯ ‘ಹಡ್’ ಸಂಹಿತೆಯಂತೆ, ಶಾಶ್ವತ ಉಕ್ಕಿನ ಚಾಸಿಯ ಮೇಲೆ ಕಟ್ಟಿದ್ದು. 1976ರ ಜೂನ್ 15ರಿಂದ ಈ ಸಂಹಿತೆ ಜಾರಿಯಲ್ಲಿದೆ. ಪ್ರತಿ ಭಾಗದ ಹೊರಮೈಗೆ ಕೆಂಪು ಲೋಹದ ಚೀಟಿ ಇರುತ್ತದೆ. ಮಾಡ್ಯುಲರ್ ಮನೆ ರಾಜ್ಯ ಹಾಗೂ ಸ್ಥಳೀಯ ಕಟ್ಟಡ ಸಂಹಿತೆಗೆ ಒಳಪಟ್ಟು ಶಾಶ್ವತ ಪಾಯದ ಮೇಲೆ ಕೂರುತ್ತದೆ, ಆದ್ದರಿಂದ ಸಾಲಕ್ಕೂ ಮಾರಾಟಕ್ಕೂ ಮಾಮೂಲಿ ಮನೆಯ ಲೆಕ್ಕ.

ಮಗನಿಗೆ ಕೇಳಬೇಕಾದ ಮೊದಲ ಮಾತು, ಜಾಗ ಯಾರದು? ಮ್ಯಾನುಫ್ಯಾಕ್ಚರ್ಡ್ ಮನೆಯನ್ನು ಬಾಡಿಗೆ ಜಾಗದಲ್ಲಿಟ್ಟರೆ ಅದು ಚರಾಸ್ತಿ. ಸಾಲದ ಬಡ್ಡಿ ಹೆಚ್ಚು, ಅವಧಿ ಕಡಿಮೆ, ಜಾಗದ ಬಾಡಿಗೆ ಏರುತ್ತಲೇ ಹೋಗಬಹುದು. ಸ್ವಂತ ಜಾಗದಲ್ಲಿ ಪಾಯ ಹಾಕಿಸಿ, ಸ್ಥಿರಾಸ್ತಿ ಎಂದು ದಾಖಲೆ ಮಾಡಿಸಿದರೆ ಅದೂ ಕೆಟ್ಟ ಆಯ್ಕೆಯಲ್ಲ. ಮನೆಯೊಳಗಿನ ಮಾಹಿತಿ ಫಲಕದಲ್ಲಿ ಗಾಳಿ ವಲಯ ನಮೂದಾಗಿರುತ್ತದೆ. 1ನೇ ವಲಯಕ್ಕೆ ಕಟ್ಟಿದ್ದನ್ನು ಚಂಡಮಾರುತದ ತೀರಪ್ರದೇಶದ 2 ಅಥವಾ 3ನೇ ವಲಯದಲ್ಲಿ ಕೂರಿಸುವಂತಿಲ್ಲ. ಹಳೆಯ ಮನೆ ಕೊಳ್ಳುವಾಗ ಹಲವರು ಎಡವುವುದು ಇಲ್ಲೇ.

ಪ್ರಶ್ನೆ: ಅಂಕೋಲಾದಲ್ಲಿ ನಮ್ಮ ತಗಡಿನ ಕ್ಯಾಬಿನ್‌ಗೆ ಮೂರೇ ವರ್ಷದಲ್ಲಿ ಕೆಳಗಿನಿಂದ ತುಕ್ಕು ಹಿಡಿದಿದೆ. ಮೇಲೆ ಬಣ್ಣ ಚೆನ್ನಾಗಿಯೇ ಇದೆ. ಯಾಕೆ ಹೀಗೆ?
— ಓದುಗರು, ಅಂಕೋಲಾ

ಉತ್ತರ: ಮೇಲ್ಮೈಯ ಉಪ್ಪನ್ನು ಮಳೆ ತೊಳೆಯುತ್ತದೆ, ಅಡಿಯ ಉಪ್ಪನ್ನು ತೊಳೆಯುವವರಿಲ್ಲ. ನೆಲದ ಪಸೆಯೂ ಸೇರಿ ಕ್ಯಾಬಿನ್ ಹೊರುವ ಅಡಿಯ ಉಕ್ಕಿನ ಚಾನೆಲ್ ವರ್ಷವಿಡೀ ಒದ್ದೆ. ಮಾರ್ಚ್‌ನಲ್ಲಿ ಜಾಕ್ ಕೊಟ್ಟು ಎತ್ತಿಸಿ, ಒಂದೂವರೆ ಅಡಿಯ ಕಾಂಕ್ರೀಟ್ ಕಟ್ಟೆಗಳ ಮೇಲೆ ಕೂರಿಸಿ, ನಾಲ್ಕೂ ಬದಿ ಗಾಳಿಯಾಡಲಿ. ಮೊದಲು ಸಿಹಿನೀರಿನಿಂದ ತೊಳೆದು ಒಣಗಿಸಿ. ಉಪ್ಪಿನ ಮೇಲೆ ಹೊಡೆದ ಬಣ್ಣ ಗುಳ್ಳೆಯೇಳುತ್ತದೆ. ಆಮೇಲೆ ತುಕ್ಕು ಕೆರೆದು ಸತುಭರಿತ ಪ್ರೈಮರ್, ಅದರ ಮೇಲೆ ಎಪಾಕ್ಸಿ ಎರಡು ಕೈ. ಬಿಸಿಲು ಬೀಳುವ ಕಡೆ ಕೊನೆಗೆ ಪಾಲಿಯುರೆಥೇನ್ ಬಣ್ಣ ಬೇಕು, ಎಪಾಕ್ಸಿ ಬಿಸಿಲಿಗೆ ಪುಡಿಯೇಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಚಾನೆಲ್ ಪದರ ಪದರವಾಗಿ ಉದುರಿದರೆ ಬಣ್ಣಕ್ಕೆ ದುಡ್ಡು ಹಾಕಬೇಡಿ, ಆ ತುಂಡನ್ನೇ ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ. ಇನ್ನು ಮುಂದೆ ಮಳೆಗಾಲ ಮುಗಿದ ಮೇಲೆ ತಿಂಗಳಿಗೊಮ್ಮೆ ಅಡಿಗೆ ಪೈಪ್ ಹಿಡಿದು ಸಿಹಿನೀರು ಹಾಯಿಸುತ್ತಿರಿ.