ಒಂದು ಕಾಮಾ ಇದ್ದಿದ್ದರೆ ಆ ಹುಡುಗ ಬಸ್ ಹತ್ತುತ್ತಿದ್ದ

"ಈಗಿನವರ ಇಂಗ್ಲಿಷ್‌ನಲ್ಲಿ ಗ್ರಾಮರ್ ಇಲ್ಲ, ಕಾಮಾ ಇಲ್ಲ, ಫುಲ್‌ಸ್ಟಾಪ್ ಇಲ್ಲ. ನಿಜವಾಗಿ ಮಟ್ಟ ಕುಸಿದಿದೆಯಾ? ಅರ್ಥವಾದರೆ ಸಾಲದಾ?" ಎಂದು ಕೇಳಿದ್ದೀರಿ. ತುಮಕೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ, ಹತ್ತೊಂಬತ್ತು ವರ್ಷವಾಯಿತು. ಬಯೋಡೇಟಾ, ರಜೆ ಅರ್ಜಿ, ಕಂಪನಿಗೆ ಬರೆಯುವ ಪತ್ರ ಎಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಶಿರಾ ಕಡೆಯ ಒಬ್ಬ ಹುಡುಗನಿಗೆ ಹೋದ ವರ್ಷ ಬಯೋಡೇಟಾ ಮಾಡಿಕೊಟ್ಟಿದ್ದೆ. ವಸಂತನರಸಾಪುರದ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಹಿಂದಿನ ದಿನ ಜೋರು ಮಳೆ. ಇಂಟರ್‌ವ್ಯೂ ಏನಾದರೂ ಮುಂದಕ್ಕೆ ಹೋಗಿದೆಯಾ ಎಂದು ವಾಟ್ಸಾಪ್‌ನಲ್ಲಿ ಕೇಳಿದ. 'ನೋ ನೀಡ್ ಟು ಕಮ್' ಎಂದು ಉತ್ತರ ಬಂತು. ಬರೋದು ಬೇಡ ಅಂದುಕೊಂಡು ಮನೆಯಲ್ಲೇ ಉಳಿದ. ಅವರು ಹೇಳಹೊರಟಿದ್ದು 'ಇಲ್ಲ, ಬರಬೇಕು' ಎಂದು. 'ನೋ' ಆದಮೇಲೆ ಒಂದು ಕಾಮಾ ಬೀಳಬೇಕಿತ್ತು, ಬೀಳಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದಾಗ ಕೆಲಸ ಬೇರೆಯವರಿಗೆ ಆಗಿತ್ತು. ಅಂಗಡಿಗೆ ಬಂದು ಮೊಬೈಲ್ ತೋರಿಸಿ, "ಅಣ್ಣಾ, ಇದರಲ್ಲಿ ನನ್ನ ತಪ್ಪೇನಿದೆ ಹೇಳಿ" ಎಂದ. ಏನೂ ಇರಲಿಲ್ಲ.

ಕನ್ನಡದಲ್ಲಿ ಬರೆದಿದ್ದರೆ ಈ ಗೊಂದಲವೇ ಆಗುತ್ತಿರಲಿಲ್ಲ. 'ಇಲ್ಲ ಬರಬೇಕು' ಬೇರೆ, 'ಬರಬೇಕಿಲ್ಲ' ಬೇರೆ. ಕಾಮಾ ಇರಲಿ ಬಿಡಲಿ, ಅರ್ಥ ಕೆಡುವುದಿಲ್ಲ. ನಮ್ಮಲ್ಲಿ ಪದದ ಬಾಲದಲ್ಲೇ ಎಲ್ಲ ಅಂಟಿಕೊಂಡಿರುತ್ತದೆ. 'ಬಂದನಾ' ಅಂದರೆ ಸಾಕು, ಪ್ರಶ್ನೆ ಎಂದು ಗೊತ್ತಾಗುತ್ತದೆ. ಹಳೆಯ ಶಾಸನಗಳಲ್ಲಿ ಕಾಮಾ ಇರಲೇ ಇಲ್ಲ. ಅದು ಅಚ್ಚುಮೊಳೆ ಬಂದಮೇಲೆ ಇಂಗ್ಲಿಷ್‌ನಿಂದ ನಮಗೆ ಬಂದದ್ದು. ಇಂಗ್ಲಿಷ್‌ಗೆ ಆ ಬಾಲದ ಬಲ ಕಡಿಮೆ. ಪದ ಯಾವ ಜಾಗದಲ್ಲಿದೆ, ಓದುವವರು ಎಲ್ಲಿ ನಿಲ್ಲಬೇಕು ಅನ್ನುವುದರ ಮೇಲೇ ಅರ್ಥ ನಿಂತಿರುತ್ತದೆ.

ಇದು ನಮ್ಮೂರಿನ ಪಾಡು ಮಾತ್ರ ಅಲ್ಲ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನ ಒಂದು ಸಾಲಿನಲ್ಲಿ ಕಾಮಾ ಇರಲಿಲ್ಲ. ಒಂದು ಡೇರಿಯ ಡ್ರೈವರ್‌ಗಳು ಅದನ್ನೇ ಹಿಡಿದು ಕೋರ್ಟಿಗೆ ಹೋದರು. 2017ರಲ್ಲಿ ಮೇಲ್ಮನವಿ ಕೋರ್ಟ್ ಅವರ ಪರ ಹೇಳಿತು. ಮರುವರ್ಷ ಡೇರಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಇನ್ನು ಮಟ್ಟ ಕುಸಿದಿದೆಯಾ ಅಂದರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲು ಇಂಗ್ಲಿಷ್ ಬರೆಯುವವರೇ ಕಡಿಮೆ ಇದ್ದರು. ಬರೆದರೂ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಲೀವ್ ಲೆಟರ್. ಟೈಪಿಂಗ್ ಕಲಿಸಿದ ನಮ್ಮ ಮೇಷ್ಟ್ರು, ಕಾಮಾ ಆದಮೇಲೆ ಒಂದು ಸ್ಪೇಸ್, ಫುಲ್‌ಸ್ಟಾಪ್ ಆದಮೇಲೆ ಎರಡು ಎಂದು ಬೆರಳಿಗೇ ಅಭ್ಯಾಸ ಮಾಡಿಸಿದ್ದರು. ಈಗ ಡ್ರೈವರ್, ಅಂಗಡಿಯವರು, ಪಿಯು ಮಕ್ಕಳು ಎಲ್ಲರೂ ದಿನಾ ಇಂಗ್ಲಿಷ್‌ನಲ್ಲಿ ಒಂದೆರಡು ಸಾಲು ಬರೆಯುತ್ತಾರೆ. ನನಗೆ ಅದು ಖುಷಿಯ ವಿಷಯ. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂದು ಬರೆದು ತಂದರೆ ತಿದ್ದಿಕೊಡುತ್ತೇನೆ, ಬೇಸರವಿಲ್ಲ. 'ದಿ' ಬಿಟ್ಟುಹೋಗುವುದೂ ಹಾಗೆಯೇ, ಕನ್ನಡದಲ್ಲಿ ಅಂಥದ್ದು ಇಲ್ಲವಲ್ಲ.

ನನಗೆ ಸಿಟ್ಟು ಬರುವುದು ಬರೆದದ್ದನ್ನು ಒಂದು ಸಲವೂ ಓದದೆ ಕಳಿಸುವವರ ಮೇಲೆ. ಅದರಲ್ಲೂ ಕೆಲಸ ಕೊಡುವ ಜಾಗದಲ್ಲಿ ಕೂತವರ ಮೇಲೆ ಜಾಸ್ತಿ. ಅರ್ಜಿ ಹಾಕಿದವನು ತಪ್ಪು ಮಾಡಿದರೆ ಅರ್ಜಿ ಮೂಲೆಗೆ ಬೀಳುತ್ತದೆ. ಅವರು ತಪ್ಪು ಮಾಡಿದರೂ ನಷ್ಟ ಇವನಿಗೇ. ಇದು ಅನ್ಯಾಯ ಅಲ್ವಾ?

ಹೆಚ್ಚಿನ ಮೊಬೈಲ್‌ಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ಫುಲ್‌ಸ್ಟಾಪ್ ತಾನೇ ಬೀಳುತ್ತದೆ. ಅಷ್ಟು ಸುಲಭ. ಆ ಹುಡುಗ ಬಂದುಹೋದಮೇಲೆ ನಾನು ಪ್ರಿಂಟ್ ತೆಗೆಯುವ ಮೊದಲು ಎಲ್ಲರಿಂದಲೂ ಗಟ್ಟಿಯಾಗಿ ಓದಿಸುತ್ತೇನೆ. ಮೊನ್ನೆ ಗುಬ್ಬಿಯಿಂದ ಒಬ್ಬರು ಅಂಗನವಾಡಿ ಟೀಚರ್ ಮಗಳ ಕಾಲೇಜಿಗೆ ಪತ್ರ ಬರೆಸಲು ಬಂದಿದ್ದರು. ನಿಧಾನವಾಗಿ ಓದುತ್ತಾ ಬಂದು ನಡುವೆ ನಿಂತರು. ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಉಸಿರು ನಿಲ್ತಿದೆ, ಒಂದು ಚುಕ್ಕಿ ಇಡಪ್ಪ" ಎಂದರು. ಅವರು ಹೇಳಿದ ಜಾಗ ಸರಿಯಾಗಿತ್ತು. ಇಟ್ಟೆ.