ಹೇಸರಗತ್ತೆಯ ಮೇಲೆ ಕಸ ಹೇರುವ ಬಗ್ಗೆ
ಅಮೆರಿಕದ ಕಾಡುಗಳಿಂದ ಕಸ ಹೊರತರಲು ಸ್ವಯಂಸೇವಕರು ವಾಹನ ಬಿಟ್ಟು ಹೇಸರಗತ್ತೆಗಳನ್ನೇಕೆ ಬಳಸುತ್ತಾರೆ, ಒಂದು ಪ್ರಾಣಿ ಎಷ್ಟು ಹೊರಬಲ್ಲದು ಎಂದು ತಾವು ಕೇಳಿದ್ದೀರಿ. 1964ರ ಕಾಯ್ದೆಯು ಅಲ್ಲಿನ ಸಂರಕ್ಷಿತ ವನ್ಯಪ್ರದೇಶಗಳಲ್ಲಿ ಮೋಟಾರು ವಾಹನಗಳನ್ನಷ್ಟೇ ಅಲ್ಲ, ಸೈಕಲ್ಲಿನಂಥ ಸಾಧನಗಳನ್ನೂ ಸಾಮಾನ್ಯವಾಗಿ ನಿಷೇಧಿಸಿರುವುದರಿಂದ, ಹಳೆಯ ಬಿಡಾರಗಳಲ್ಲಿ ಉಳಿದ ತಗಡು, ತಂತಿ, ಟಾರ್ಪಾಲುಗಳನ್ನು ಹೊತ್ತೇ ತರಬೇಕಾಗುತ್ತದೆ; 1973ರಲ್ಲಿ ಮೊಂಟಾನಾದಲ್ಲಿ ಹುಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘಟನೆಯ ಸದಸ್ಯರು ಇಂಥ ಕೆಲಸಕ್ಕೆ ತಮ್ಮದೇ ಪ್ರಾಣಿಗಳನ್ನು ಒಯ್ಯುತ್ತಾರೆ. ಒಂದು ಹೇಸರಗತ್ತೆಗೆ ಸುಮಾರು 70 ಕಿಲೋ ಹೇರುವುದು ರೂಢಿ. ಆದರೆ ತೂಕಕ್ಕಿಂತ ಸಮತೋಲವೇ ಮುಖ್ಯವೆಂದು ನಾನು ಭಾವಿಸುತ್ತೇನೆ: ಎಡಬಲದ ಚೀಲಗಳ ತೂಕ ಹೆಚ್ಚುಕಡಿಮೆಯಾದರೆ ತಡಿ ಒಂದು ಕಡೆಗೆ ಜಾರಿ ಬೆನ್ನು ಹುಣ್ಣಾಗುತ್ತದೆ, ಆದ್ದರಿಂದ ಹೊರಡುವ ಮುನ್ನ ಎರಡನ್ನೂ ತಕ್ಕಡಿಗೆ ತೂಗುಹಾಕಿ ನೋಡುತ್ತಾರೆ. ಡಬ್ಬಿಗಳನ್ನು ಜಜ್ಜಿ ಚಪ್ಪಟೆ ಮಾಡಿ, ಸಂದುಗಳಿಗೆ ಗೋಣಿ ತುರುಕದಿದ್ದರೆ ಅವು ಹಾದಿಯುದ್ದಕ್ಕೂ ಗಲಗಲ ಸದ್ದು ಮಾಡಿ ಪ್ರಾಣಿಯನ್ನು ಬೆದರಿಸುತ್ತವೆ.